ಎಡಗಡೆಯ ಸೀಟು

"ಚಿಗವ್ವಾ, ಕೈ ತೊಳಕೊಂಡು ಬಾ. ನಿನಗೊಂದು ಗಾಡಿ ತಂದೀನಿ!"

2025ರ ದೀಪಾವಳಿಗೆ ಎರಡು ದಿನ ಮೊದಲು ಬೆಂಗಳೂರಿನಿಂದ ಬಂದ ಅಕ್ಕನ ಮಗ ಪಡಸಾಲೆಯಿಂದ ಹೀಗೆ ಕೂಗಿದಾಗ ನಾನು ಅಡಿಗೆಮನೆಯಲ್ಲಿ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದೆ. ಹುಡುಗ ಮೊದಲಿನಿಂದಲೂ ತಮಾಷೆಯವನು. ಏನೋ ಆಟಿಗೆ ತಂದಿರಬೇಕೆಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ನೋಡಿದರೆ ನಮ್ಮ ಮೇಜಿನ ಅಂಚಿಗೆ ಕಾರಿನದರಂಥದೇ ಒಂದು ಸ್ಟೇರಿಂಗ್ ಚಕ್ರವನ್ನು ತಿರುಪು ಹಾಕಿ ಬಿಗಿದಿದ್ದಾನೆ. ಕೆಳಗೆ ಶಹಾಬಾದಿನ ಹಾಸುಗಲ್ಲಿನ ಮೇಲೆ ಮೂರು ಪೆಡಲು. ಎದುರಿಗೆ ಲ್ಯಾಪ್‌ಟಾಪು. ಅದರ ತೆರೆಯ ಮೇಲೆ ಒಂದು ಕೆಂಪು ಕಾರು ಗುರುಗುಡುತ್ತ ನಿಂತಿದೆ.

ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಕಾರಿನ ಓಟದ ವಿಡಿಯೋ ಗೇಮ್ ಒಂದನ್ನು ತಯಾರಿಸುತ್ತಿದ್ದಾರೆ. ಅದಿನ್ನೂ ಪೇಟೆಗೆ ಬಂದಿಲ್ಲ, ಅದಕ್ಕೆ ಹೆಸರನ್ನೂ ಇಟ್ಟಿಲ್ಲ. ಅರ್ಧಂಬರ್ಧ ಕುದಿದ ಬೇಳೆಯನ್ನು ಬೆರಳಲ್ಲಿ ಒತ್ತಿ ನೋಡುವುದಿಲ್ಲವೇ, ಹಾಗೆ ನೋಡಲು ಮಾಡಿದ ಪರೀಕ್ಷೆಯ ಪ್ರತಿ ಇದು. "ಯಾವತ್ತೂ ಆಟ ಆಡದವರ ಕೈಯಾಗ ಕೊಟ್ಟು ನೋಡಬೇಕು ಚಿಗವ್ವಾ. ಅವರು ಎಲ್ಲಿ ತಪ್ತಾರ, ಎಲ್ಲಿ ಬ್ಯಾಸರ ಮಾಡ್ಕೋತಾರ ಅಂತ ಬರಕೋಬೇಕು" ಎಂದ. ನನಗಿಂತ ತಕ್ಕವಳು ಅವನಿಗೆ ಎಲ್ಲಿ ಸಿಗಬೇಕು?

ನಾನು ಕುರ್ಚಿ ಎಳೆದುಕೊಂಡು ಕೂತದ್ದೇ ತಡ, ಹಿಟ್ಟಿನ ಜರಡಿ ಕೇಳಲು ಬಂದಿದ್ದ ಬಾಜೂ ಮನೆಯ ಕಾಕು ಬಾಗಿಲಲ್ಲೇ ನಿಂತು ಗಲ್ಲಕ್ಕೆ ಕೈಯಿಟ್ಟುಕೊಂಡರು. "ಯವ್ವಾ, ಇದೇನ್ ಮಾಡ್ಲತ್ತೀದಿ? ಅದು ಗಂಡುಹುಡುಗರ ಆಟ ಅದ. ಈ ವಯಸ್ಸಿನಾಗ ನಿನಗ್ಯಾಕ ಬೇಕು?"

ಕಾಕು ಒಳ್ಳೆಯವರು, ನನ್ನ ಎರಡು ಬಾಣಂತನಕ್ಕೂ ನೀರು ಹಾಕಿದವರು. ಅವರಿಗೆ ಎದುರು ಮಾತಾಡಲಿಲ್ಲ. ಆಡದೆ ಉಳಿದ ಆ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಕಾಕು ಕೇಳಿದ ಪ್ರಶ್ನೆಯನ್ನು ನಮ್ಮ ಚಂದಾಪುರದಲ್ಲಿ, ಹೊಳೆಯಾಚೆಯ ಚಿಂಚೋಳಿಯಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಪ್ರತಿ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಕೇಳುತ್ತಾರೆ. ಉತ್ತರ ಕೊಡುವವರು ಮಾತ್ರ ಕಡಿಮೆ.

ಮೊದಲು ಆಟ ಹೇಗಿದೆ ಎಂದು ಹೇಳಿಬಿಡುತ್ತೇನೆ. ಮೂರು ದಿನ ಆಡಿದ್ದೇನೆ, ಹೇಳುವ ಹಕ್ಕಿದೆ.

ಆ ಚಕ್ರದೊಳಗೆ ಒಂದು ಸಣ್ಣ ಮೋಟಾರು ಇದೆಯಂತೆ. ರಸ್ತೆ ತಿರುಗಿದರೆ ಚಕ್ರ ನಮ್ಮ ಕೈಯನ್ನೇ ಎಳೆಯುತ್ತದೆ. ಗಾಲಿ ಮಣ್ಣಿಗಿಳಿದರೆ ಬೀಸುಕಲ್ಲು ತಿರುವುವಾಗಿನ ಹಾಗೆ ಅಂಗೈಯಲ್ಲಿ ನಡುಕ ಬರುತ್ತದೆ. ಬ್ರೇಕನ್ನು ಒಮ್ಮೆಲೆ ತುಳಿದರೆ ಗಾಲಿ ಕಚ್ಚಿಕೊಂಡು ಗಾಡಿ ಜಾರುತ್ತದೆ, ಆಗ ಚಕ್ರ ಎಷ್ಟು ತಿರುವಿದರೂ ಮೂಗು ತಿರುಗುವುದಿಲ್ಲ. ಮೊದಲ ತಾಸಿನಲ್ಲಿ ನಾನು ಗುದ್ದದೆ ಬಿಟ್ಟ ಗೋಡೆಯಿಲ್ಲ. ಕುಣೀಲಾರದಾಕಿ ನೆಲ ಡೊಂಕು ಅಂದಳಂತೆ. ನಾನೂ ಪೆಡಲನ್ನು ಬೈದೆ, ಮೇಜನ್ನು ಬೈದೆ, ಕೊನೆಗೆ ಅಕ್ಕನ ಮಗನನ್ನೂ ಬೈದೆ. ಅವನು ನಕ್ಕು ಬರೆದುಕೊಂಡ.

ರಸ್ತೆಯ ಮೇಲೆ ಒಂದು ಬಣ್ಣದ ಗೆರೆ ಓಡುತ್ತದೆ. ಹಸಿರಿದ್ದರೆ ಹೋಗು, ಕೆಂಪಾದರೆ ನಿಧಾನಿಸು. ಎರಡನೆಯ ದಿನ ನನಗೊಂದು ಗುಟ್ಟು ಹೊಳೆಯಿತು. ತಿರುವಿಗೆ ಹೋಗಿ ಬ್ರೇಕು ಒತ್ತಬಾರದು. ತಿರುವು ಬರುವ ಮೊದಲೇ ನೆಟ್ಟಗಿನ ದಾರಿಯಲ್ಲಿ ವೇಗ ಇಳಿಸಿ, ತಿರುವು ಮುಗಿಯುತ್ತ ಬಂದಾಗ ಮೆಲ್ಲಗೆ ಗ್ಯಾಸು ಕೊಡಬೇಕು. ಕಣ್ಣು ಬಾನೆಟ್ಟಿನ ಮೇಲಿರಬಾರದು, ಹೋಗಬೇಕಾದ ಕಡೆ ಇರಬೇಕು. ಇಷ್ಟು ತಿಳಿದ ಮೇಲೆ ಗೋಡೆಗಳು ತಾವಾಗಿಯೇ ದೂರ ಸರಿದವು. ಮೂರನೆಯ ದಿನ ನಾನು ಎಂಟು ಕಾರುಗಳಲ್ಲಿ ಐದನೆಯವಳಾಗಿ ಬಂದೆ. ನಗಬೇಡಿ. ನಲವತ್ತಾರು ವರ್ಷಗಳಲ್ಲಿ ನಾನು ಯಾವುದಾದರೂ ಓಟದಲ್ಲಿ ಓಡಿದ್ದು ಇದೇ ಮೊದಲು.

ಆದರೆ ನನ್ನನ್ನು ಹಿಡಿದು ಕೂಡಿಸಿದ್ದು ಗೆಲುವಲ್ಲ, ಚಕ್ರದ ಬದಿಯ ಒಂದು ಗುಂಡಿ. ಗಾಡಿ ಗುದ್ದಿದರೆ ಅದನ್ನು ಒತ್ತಬೇಕು. ಕೆಲವು ಸೆಕೆಂಡು ಕಾಲ ಹಿಂದಕ್ಕೆ ಸರಿದು, ಗುದ್ದುವ ಮುಂಚಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಮತ್ತೆ ನೋಡು, ಮತ್ತೆ ಮಾಡು. ಯಾರೂ ಗದರಿಸುವುದಿಲ್ಲ, ಯಾರೂ "ನಿನ್ನಿಂದ ಆಗೂದಿಲ್ಲ ಬಿಡು" ಅನ್ನುವುದಿಲ್ಲ.

ನಮ್ಮ ಮನೆಯವರು ನನಗೆ ಒಂದು ಸಲ, ಒಂದೇ ಒಂದು ಸಲ, ಕಾರು ಕಲಿಸಿದ್ದರು. 2003ರಲ್ಲಿ ಸೆಕೆಂಡ್‌ಹ್ಯಾಂಡ್ ಮಾರುತಿ 800 ತಂದ ಹೊಸತರಲ್ಲಿ. ಕ್ಲಚ್ಚು ಬಿಟ್ಟೆ, ಗಾಡಿ ಜಗ್ಗಿ ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಅವರು "ಇಳಿ, ಗೇರುಪೆಟ್ಟಿಗಿ ಮುರೀತಿ" ಎಂದರು. ಇಳಿದೆ. ಸುತ್ತು ಹಾಕಿ ಬಂದು ಎಡಗಡೆಯ ಸೀಟಿನಲ್ಲಿ ಕೂತೆ. ಮೂರು ತಪ್ಪಿಗೆ ನನ್ನ ಪಾಠ ಮುಗಿದಿತ್ತು. ನಿಮ್ಮಲ್ಲಿ ಎಷ್ಟು ಜನರ ಪಾಠ ಹೀಗೆಯೇ ಮುಗಿದಿದೆ, ಕೈ ಎತ್ತಿ ನೋಡೋಣ? ಗಂಡಸರಿಗೆ ಬುದ್ಧಿ ಹೆಚ್ಚು, ಹೆಂಗಸರಿಗೆ ಹೆದರಿಕೆ ಹೆಚ್ಚು ಅನ್ನುವುದೆಲ್ಲ ಸುಳ್ಳು. ಅವರಿಗೆ ನೂರು ಸಲ ತಪ್ಪಲು ಬಿಡುತ್ತಾರೆ, ನಮಗೆ ಮೂರು ಸಲ. ಆ ಗುಂಡಿ ನನಗೆ ಮುನ್ನೂರು ಸಲ ತಪ್ಪಲು ಬಿಟ್ಟಿತು. ಕಲಿತೆ.

ಈಗ 2022ರ ಶ್ರಾವಣದ ಒಂದು ರಾತ್ರಿಯ ಮಾತು. ಇದನ್ನು ಹೇಳದಿದ್ದರೆ, ನಾನು ಆಟಿಗೆಯ ಚಕ್ರವನ್ನು ಯಾಕಿಷ್ಟು ಹಚ್ಚಿಕೊಂಡೆ ಎಂದು ನಿಮಗೆ ತಿಳಿಯುವುದಿಲ್ಲ.

ನಮ್ಮ ಮನೆಯವರು ದುಕಾನಿನ ಮಾಲು ತರಲು ಬಸ್ಸಿನಲ್ಲಿ ಹೈದರಾಬಾದಿಗೆ ಹೋಗಿದ್ದರು. ರಾತ್ರಿ ಒಂಬತ್ತಕ್ಕೆ ಅತ್ತೆಯವರು ನೀರಿನ ತಂಬಿಗೆ ಎತ್ತಲು ಹೋಗಿ ಬಿದ್ದರು. ಬಾಯಿ ಸೊಟ್ಟಾಗಿತ್ತು, ಬಲಗೈ ಏಳಲಿಲ್ಲ. ಹತ್ತರ ಹೊತ್ತಿಗೆ ಬಂದು ನೋಡಿದ ಊರಿನ ಡಾಕ್ಟರು "ಲಕ್ವಾ ಹೊಡದದ, ತಡ ಮಾಡಬ್ಯಾಡ್ರಿ. ರಕ್ತದ ಗಂಟು ಕರಗಸೋ ಸೂಜಿ ನಾಲ್ಕೂವರಿ ತಾಸಿನೊಳಗ ಬೀಳಬೇಕು, ಕಲಬುರಗಿಗೆ ಒಯ್ರಿ" ಎಂದರು. ಆಂಬುಲೆನ್ಸು ಅದೇ ಆಗ ಬೇರೊಬ್ಬ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಅದು ಯಾರ ತಪ್ಪೂ ಅಲ್ಲ. ನಮ್ಮ ಅಂಗಳದಲ್ಲಿ ಕಾರು ನಿಂತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಚಾವಿ ಮೊಳೆಗೆ ತೂಗುತ್ತಿತ್ತು.

ಮನೆಯಲ್ಲಿ ನಾನು, ನನ್ನ 16 ವರ್ಷದ ಮಗಳು, 14 ವರ್ಷದ ಮಗ. ಗಾಡಿ ಓಡಿಸಲು ಬರುತ್ತಿದ್ದದ್ದು ಯಾರಿಗೆ ಗೊತ್ತೇ? ಮಗನಿಗೆ! ಅವರಪ್ಪ ಹೊಲದ ದಾರಿಯಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಕಲಿಸಿದ್ದರು. ಅವನಿಗಿಂತ ದೊಡ್ಡವಳಾದ ಮಗಳಿಗೆ ಕಲಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. "ಅವ್ವಾ, ನಾ ನಡಸ್ತೀನಿ ಕೊಡು" ಎಂದ ಹುಡುಗ. ನಾನು ಚಾವಿ ಕೊಟ್ಟೆ. ಹೌದು, ಕೊಟ್ಟೆ. ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದಾಯಿತು. ಗಾಡಿ ಗೇಟಿಗೆ ಬಂದಾಗ ಎದುರಿಗೆ ಒಂದು ಲಾರಿ ಕಣ್ಣು ಕುಕ್ಕುವ ಬೆಳಕು ಚೆಲ್ಲಿಕೊಂಡು ಬಂತು. ಮಳೆ ಸುರಿಯುತ್ತಿತ್ತು. ಮಗನ ಕಾಲು ಪೆಡಲಿಗೆ ನೆಟ್ಟಗೆ ಎಟಕುತ್ತಿರಲಿಲ್ಲ, ತುದಿಬೆರಳಲ್ಲಿ ತುಳಿಯುತ್ತಿದ್ದ. ನಾನು ಕೂಗಿ ಗಾಡಿ ನಿಲ್ಲಿಸಿ ಚಾವಿ ಕಿತ್ತುಕೊಂಡೆ.

ಆಮೇಲೆ ಗಾಡಿ ಓಡಿಸುವವರನ್ನು ಹುಡುಕುತ್ತ ಮನೆಮನೆಯ ಬಾಗಿಲು ಬಡಿದೆವು. ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರು ಕುಡಿದು ಮಲಗಿದ್ದರು. ಹನ್ನೆರಡಕ್ಕೆ ಒಬ್ಬ ಟೆಂಪೋ ಡ್ರೈವರು ಸಿಕ್ಕ, ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಕಲಬುರಗಿ ಮುಟ್ಟಿದಾಗ ಎರಡು ಗಂಟೆ. ಒಂಬತ್ತಕ್ಕೆ ಬಿದ್ದವರು ಎರಡಕ್ಕೆ ಮುಟ್ಟಿದರು. ಐದು ತಾಸು. ಸೂಜಿಯ ಹೊತ್ತು ದಾಟಿತ್ತು.

ಅತ್ತೆಯವರು ಉಳಿದರು. ಬಲಗೈ ಇಂದಿಗೂ ಏಳುವುದಿಲ್ಲ, ಮಾತು ತೊದಲು. ಮೊದಲೇ ಮುಟ್ಟಿದ್ದರೆ ಪೂರ್ತಿ ನೆಟ್ಟಗಾಗುತ್ತಿದ್ದರೆಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ. ಆದರೆ ನಾನು ಅವರಿಗೆ ಊಟ ಮಾಡಿಸುವಾಗಲೆಲ್ಲ ಹತ್ತರಿಂದ ಹನ್ನೆರಡರವರೆಗಿನ ಆ ಎರಡು ತಾಸನ್ನು ಎಣಿಸುತ್ತೇನೆ. ಹತ್ತೊಂಬತ್ತು ವರ್ಷ ಎಡಗಡೆಯ ಸೀಟಿನಲ್ಲಿ ಕೂತವಳ ಲೆಕ್ಕ ಅದು.

ಈಗ ಹೇಳಿ, ಚಕ್ರ ಹಿಡಿಯುವುದು ಗಂಡುಹುಡುಗರ ಆಟವೇ?

ಈ ಎಡಗಡೆಯ ಸೀಟಿಗೆ ಆಟಗಳಲ್ಲಿಯೂ ಚರಿತ್ರೆಯಿದೆ. ಅಕ್ಕನ ಮಗ ಹೋಳಿಗೆ ತಿನ್ನುತ್ತ ಹೇಳಿದ. 1974ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಗ್ರಾನ್ ಟ್ರಾಕ್ 10' ಎಂಬ ಯಂತ್ರ ಮಾಡಿತು. ಚಕ್ರ, ಗೇರು, ಪೆಡಲು ಎಲ್ಲ ಇದ್ದ, ಕಾಸು ಹಾಕಿ ಆಡುವ ಪೆಟ್ಟಿಗೆ ಅದು. 1976ರ 'ನೈಟ್ ಡ್ರೈವರ್'ನಲ್ಲಿ ಕಪ್ಪು ತೆರೆ, ರಸ್ತೆಯ ಎರಡೂ ಬದಿಗೆ ಬಿಳಿ ಗೂಟಗಳು, ಮತ್ತೇನಿಲ್ಲ. 1986ರಲ್ಲಿ ಜಪಾನಿನ ಸೇಗಾ ಕಂಪನಿಯ 'ಔಟ್ ರನ್' ಬಂತು. ಜಗತ್ತಿನ ಹುಡುಗರೆಲ್ಲ ಅದಕ್ಕೆ ಮರುಳಾದರು. ಅದರ ಚಿತ್ರ ತೋರಿಸಿದ. ತೆರೆದ ಕೆಂಪು ಕಾರು. ಚಕ್ರ ಹಿಡಿದವನು ಗಂಡಸು. ಪಕ್ಕದ ಸೀಟಿನಲ್ಲಿ ಬಂಗಾರದ ಬಣ್ಣದ ಕೂದಲು ಹಾರಿಸಿಕೊಂಡು ಒಬ್ಬ ಹೆಂಗಸು. ಓಡಿಸುವ ಕೆಲಸವೆಲ್ಲ ಅವನದು. ಗಾಡಿ ಬಿದ್ದರೆ ಅವನ ಜೊತೆ ಅವಳೂ ರಸ್ತೆಗೆ ಬೀಳಬೇಕು, ಅಷ್ಟೇ. ಆ ಚಿತ್ರ ನೋಡಿ ನಾನು "ಇಕಿ ನನ್ನ ಅಕ್ಕನೇ ಹೌದಲ್ಲೋ!" ಎಂದೆ.

1999ರಲ್ಲಿ ನಾನು ಆಗಿನ ಗುಲ್ಬರ್ಗದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಹೋದ ಕೂಡಲೇ ಹುಡುಗರು 'ರೋಡ್ ರ‍್ಯಾಶ್' ಹಚ್ಚುತ್ತಿದ್ದರು. ಮೋಟಾರ್ ಸೈಕಲ್ ಮೇಲೆ ಕೂತು ಪಕ್ಕದವನನ್ನು ಒದೆಯುವ ಆಟ. ನಾವು ಹುಡುಗಿಯರು ಅವರ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆವು. ಆರು ತಿಂಗಳ ಕೋರ್ಸಿನಲ್ಲಿ "ನೀವೂ ಒಂದು ಕೈ ಆಡಿರಿ" ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೋಡುವುದೇ ನಮ್ಮ ಪಾಲು ಎಂದು ನಾವೇ ಒಪ್ಪಿಕೊಂಡಿದ್ದೆವು. ಇದೇ ನನಗೆ ಈಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮಾತು.

ಹೆಂಗಸರಿಗೆ ವೇಗ ಒಗ್ಗುವುದಿಲ್ಲ ಎನ್ನುತ್ತೀರಾ? 1975ರಲ್ಲಿ ಇಟಲಿಯ ಲೆಲ್ಲಾ ಲೊಂಬಾರ್ಡಿ ಫಾರ್ಮುಲಾ ಒನ್ ಓಟದಲ್ಲಿ ಅಂಕ ಗಳಿಸಿದಳು, ಅರ್ಧವೇ ಇರಲಿ. 1982ರಲ್ಲಿ ಫ್ರಾನ್ಸಿನ ಮಿಶೆಲ್ ಮೂಟಾನ್ ವಿಶ್ವ ರ‍್ಯಾಲಿ ಸ್ಪರ್ಧೆಯಲ್ಲಿ ಗಂಡಸರ ನಡುವೆ ಎರಡನೆಯವಳಾಗಿ ನಿಂತಳು. ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮೋಟಾರ್ ಸೈಕಲ್ಲಿನ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು, ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದಳು. ಮೊದಲ ಭಾರತೀಯ ಹೆಂಗಸು ಅಲ್ಲ, ಮೊದಲ ಭಾರತೀಯ ವ್ಯಕ್ತಿ. ನಮ್ಮ ಹುಡುಗಿಯರ ಪೈಕಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಇಷ್ಟೆಲ್ಲ ಹೊಗಳಿದೆನೆಂದು ಅಕ್ಕನ ಮಗನ ಆಟವನ್ನು ನಾನು ತಲೆಯ ಮೇಲೆ ಹೊತ್ತು ತಿರುಗುತ್ತೇನೆಂದು ತಿಳಿಯಬೇಡಿ. ಅವನ ನೋಟುಬುಕ್ಕಿನಲ್ಲಿ ನಾನು ನಾಲ್ಕು ತಕರಾರು ಬರೆಸಿದ್ದೇನೆ. ನನ್ನ ಎದುರಿಗೇ ಬರೆಸಿದ್ದೇನೆ.

ಒಂದನೆಯದು, ಓಟ ಶುರುವಾಗುವಾಗ ತುಂಡು ಬಟ್ಟೆಯ ಹುಡುಗಿಯೊಬ್ಬಳು ಬಾವುಟ ಹಿಡಿದು ಸೊಂಟ ತಿರುವುತ್ತ ಬರುತ್ತಾಳೆ. ಓಟಗಾರರಲ್ಲಿ ಹುಡುಕಿದರೆ ಒಬ್ಬಳೂ ಹೆಂಗಸಿಲ್ಲ. ಫಾರ್ಮುಲಾ ಒನ್‌ನವರೇ 2018ರಲ್ಲಿ ಹೀಗೆ ಹುಡುಗಿಯರನ್ನು ನಿಲ್ಲಿಸುವ ಪದ್ಧತಿ ಬಿಟ್ಟಿದ್ದಾರೆ. ಅವರು ಎಸೆದ ಎಂಜಲನ್ನು ನೀವು ಎತ್ತಿಕೊಳ್ಳುವುದೇ? "ಎಲ್ಲಾ ಆಟದಾಗ ಇರ್ತದಂತ ಹಾಕಿದ್ವಿ ಚಿಗವ್ವಾ" ಎಂದ. ಅದೇ ರೋಗ ನೋಡಿ. ಎಲ್ಲ ಕಡೆ ಇರುತ್ತದೆ ಎಂದು ನಾವೂ ಇಡುತ್ತೇವೆ, ನಾವೂ ಇಡುತ್ತೇವೆ ಎಂದು ಎಲ್ಲ ಕಡೆ ಇರುತ್ತದೆ.

ಎರಡನೆಯದು, ಆಟದಲ್ಲಿ ಕರ್ನಾಟಕದ ರಸ್ತೆಗಳಿವೆ ಎಂದು ಹೆಮ್ಮೆಯಿಂದ ತೋರಿಸಿದ. ಬೆಂಗಳೂರಿನ ಮೇಲ್ಸೇತುವೆ, ಕೊಡಗಿನ ಕಾಫಿ ತೋಟ, ಕರಾವಳಿಯ ಸಮುದ್ರದ ದಂಡೆ. ಆಯಿತು, ಕರ್ನಾಟಕ ಮುಗಿಯಿತು! ನಾವು ಎಲ್ಲಿ? ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಹೆಸರು ಬದಲಾದರೂ ನಕಾಶೆಯಲ್ಲಿ ಜಾಗ ಸಿಗಲಿಲ್ಲ. ನಮ್ಮ ಚಂದ್ರಂಪಳ್ಳಿ ಜಲಾಶಯದ ಸುತ್ತಿನ ಗುಡ್ಡದ ದಾರಿಯಿಲ್ಲವೇ? 2011ರಲ್ಲಿ ವನ್ಯಧಾಮವೆಂದು ಘೋಷಿಸಿದ ಚಿಂಚೋಳಿಯ ಕಾಡಿಲ್ಲವೇ? ತೊಗರಿ ಹೂಬಿಟ್ಟಾಗ ಎರಡೂ ಬದಿ ಹಳದಿಯಾಗುವ ಎರೆಹೊಲದ ರಸ್ತೆ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟಿನ ಲಾರಿಗಳ ಸಾಲು, ಶಹಾಬಾದಿನ ಕಲ್ಲುಗಣಿಯ ಧೂಳು, ಇವೆಲ್ಲ ಚಿತ್ರಕ್ಕೆ ಬೇಡವೇ? ಕನ್ನಡದ ಉಳಿದಿರುವ ಮೊದಲ ದೊಡ್ಡ ಗ್ರಂಥದ ಹೆಸರೇ 'ಕವಿರಾಜಮಾರ್ಗ'. ಅದು ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡಕ್ಕೆ ಮಾರ್ಗ ಕೊಟ್ಟ ಸೀಮೆಗೆ ನಿಮ್ಮ ಆಟದಲ್ಲಿ ಒಂದು ರಸ್ತೆ ಇಲ್ಲವೆಂದರೆ ಹೇಗಪ್ಪಾ?

ಮೂರನೆಯದು, ಗಾಡಿಗೆ ಪೆಟ್ಟಾದರೆ ಬಣ್ಣ ಕಿತ್ತುಹೋಗುತ್ತದೆ, ಆದರೆ ಯಾರಿಗೂ ನೋವಾಗುವುದಿಲ್ಲ. ಜನರೇ ಇಲ್ಲದ ರಸ್ತೆ. ಎಮ್ಮೆಯಿಲ್ಲ, ಶಾಲೆ ಬಿಟ್ಟ ಮಕ್ಕಳಿಲ್ಲ, ರಸ್ತೆಗೆ ಹರವಿದ ಕಾಳಿಲ್ಲ. ಓಟದ ಮೈದಾನಕ್ಕೆ ಅದು ಸರಿ. ಊರ ರಸ್ತೆ ತೋರಿಸಿದ ಮೇಲೆ ಊರೂ ಇರಬೇಕು, ನಿಧಾನಿಸಿದವರಿಗೂ ಅಂಕ ಸಿಗಬೇಕು. 1997ರಲ್ಲಿ ಜಪಾನಿನಲ್ಲಿ ಬಂದು ಒಂದು ಕೋಟಿಗೂ ಹೆಚ್ಚು ಪ್ರತಿ ಖರ್ಚಾದ 'ಗ್ರಾನ್ ಟುರಿಸ್ಮೊ' ಆಟದಲ್ಲಿ ಲೈಸೆನ್ಸ್ ಪರೀಕ್ಷೆಯಿತ್ತಂತೆ. ಬ್ರೇಕು, ತಿರುವು ಎಲ್ಲ ಕಲಿತು ಪಾಸಾದ ಮೇಲೆಯೇ ದೊಡ್ಡ ಓಟಗಳಿಗೆ ಬಾಗಿಲು. ಅದನ್ನು ಯಾಕೆ ಬಿಟ್ಟಿರಿ? ಒಳ್ಳೆಯದನ್ನೂ ನಕಲು ಮಾಡಬಹುದಲ್ಲ!

ನಾಲ್ಕನೆಯದು ದುಡ್ಡು. ಒಂದು ಹಂತ ದಾಟಿದ ಮೇಲೆ ಹೊಸ ಗಾಡಿಗೆ 'ನಾಣ್ಯ' ಬೇಕು. ನಾಣ್ಯ ಗಳಿಸಲು ನೂರು ಸಲ ಆಡಬೇಕು, ಇಲ್ಲವೇ ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕು. ಪೆಟ್ಟಿಗೆಯೊಳಗೆ ಏನಿದೆಯೆಂದು ಗೊತ್ತಿಲ್ಲದೆ ಕೊಳ್ಳುವ ಏರ್ಪಾಡನ್ನೂ ಯೋಚಿಸುತ್ತಿದ್ದಾರಂತೆ. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜು ಎಂದಿತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಇದು ಹಣ ಕಟ್ಟಿ ಗೆಲ್ಲುವ ಆಟವಲ್ಲ, ಸರಿ. ಆದರೆ ಅವ್ವನ ಫೋನಿನಿಂದ ಮಗ ನೂರು, ಇನ್ನೂರು ಎಂದು ಕಳಿಸುವಾಗ ಅದು ಯಾವ ಆಟ? "ಇಷ್ಟಕ್ಕೆ ಇಷ್ಟು ಅಂತ ಒಂದೇ ಸಲ ಬೆಲೆ ಹೇಳಿ ಮಾರ್ರಿ. ನಮ್ಮ ದುಕಾನಿನಾಗ ಅಕ್ಕಿ ಮಾರೂದು ಹಾಂಗೇ" ಎಂದೆ. ಅವನು ತಲೆ ಕೆರೆದುಕೊಂಡ. ಆ ತಕರಾರಿಗೆ ಅವನ ಬಳಿ ಉತ್ತರವಿರಲಿಲ್ಲ.

ಹೀಗೆ ತಕರಾರು ಹೇಳಲು ಸಾಧ್ಯವಾದದ್ದು ಆಡಿದ್ದರಿಂದ. ಇದನ್ನೇ ನಾನು ತಾಯಂದಿರಿಗೆ ಹೇಳಬೇಕೆಂದಿರುವುದು. ಮಕ್ಕಳ ಕೈಯಲ್ಲಿನ ಆಟದ ಬಗ್ಗೆ ನಾವು ಮಾಡುವುದು ಎರಡೇ. ಒಂದೋ "ಹಾಳಾಗಿ ಹೋಗು" ಎಂದು ಬೈಯುತ್ತೇವೆ, ಇಲ್ಲವೇ ಧಾರಾವಾಹಿ ನೋಡಲು ಬಿಟ್ಟರೆ ಸಾಕೆಂದು ಫೋನು ಕೊಟ್ಟು ಕೂಡಿಸುತ್ತೇವೆ. ಒಮ್ಮೆ ಪಕ್ಕದಲ್ಲಿ ಕೂತು "ನನಗೂ ಒಂದು ಕೈ ಕೊಡು" ಎಂದವರಾರು? ಬಾಯಿಗಿಟ್ಟು ನೋಡದೆ ಸಾರಿಗೆ ಉಪ್ಪಿಲ್ಲ ಎನ್ನುವವಳಿಗೆ ಅಡಿಗೆಮನೆಯಲ್ಲಿ ಬೆಲೆಯುಂಟೇ?

ಆಟದ ಚಟ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು ಮತ್ತು ಆಟದ ಚಟಕ್ಕೆಂದೇ 2014ರಲ್ಲಿ ಚಿಕಿತ್ಸಾಲಯ ತೆರೆದಿದ್ದಾರೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದಿಗಿಂತ ಅದೇ ಹೆಚ್ಚಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು, ಇದು ಸಾಧಾರಣವಾಗಿ ಒಂದು ವರ್ಷ ನಡೆದರೆ ಕಾಯಿಲೆ. ಆ ಗುರುತು ಕಂಡರೆ ನಾಚಿಕೆ ಬಿಟ್ಟು ಡಾಕ್ಟರ ಬಳಿ ಕರೆದೊಯ್ಯಿರಿ. ಆದರೆ ಮಗ ಮೂರು ತಾಸು ಆಡಿದರೆ "ಹುಡುಗರು ಹಾಂಗೇ", ಮಗಳು ಅರ್ಧ ತಾಸು ಆಡಿದರೆ "ನಾಳೆ ಕೊಟ್ಟ ಮನ್ಯಾಗ ಏನಂತಾರ"? ತಕ್ಕಡಿ ಹಿಡಿದ ಮೇಲೆ ಎರಡು ತಟ್ಟೆಗೂ ಒಂದೇ ತೂಕ ಹಾಕಿರಿ.

"ಆಟ ಆಡಿ ಆಡಿ ಹುಡುಗರು ರಸ್ತೆಯ ಮೇಲೂ ಹಂಗೇ ಹೊಡೀತಾರ" ಎನ್ನುವವರಿದ್ದಾರೆ. ಇರಬಹುದು. ಆದರೆ ರಸ್ತೆಯ ಮೇಲಿನ ಗಾಡಿಯ ಚಾವಿ ಕೊಟ್ಟವರಾರು? ಸಂಜೆ ನಮ್ಮ ಬಸ್‌ಸ್ಟ್ಯಾಂಡಿನ ಕಡೆ ನಿಂತು ನೋಡಿ. ಮೀಸೆ ಮೂಡದ ಹುಡುಗರು, ಒಂದೇ ಬೈಕಿನ ಮೇಲೆ ಮೂವರು, ತಲೆಗೆ ಹೆಲ್ಮೆಟ್ಟಿಲ್ಲ. ಅಪ್ಪ ದುಕಾನಿನ ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಾನೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿನ ಪ್ರಕಾರ ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲಿಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ನಾನು ಯಾರಿಗೂ ಬೆರಳು ತೋರಿಸಿ ಹೇಳುತ್ತಿಲ್ಲ. ಆ ರಾತ್ರಿ ಚಾವಿ ಕೊಟ್ಟವಳು ನಾನೇ. ಅದಕ್ಕೇ ಹೇಳುತ್ತೇನೆ, ವಯಸ್ಸಾಗದ ಮಗನಿಗೆ ನಿಜದ ಗಾಡಿ ಬೇಡ, ಆಟದ ಗಾಡಿ ಕೊಡಿ. ವಯಸ್ಸಾದ ಮಗಳಿಗೆ ಆಟದ ಗಾಡಿಯನ್ನೂ ಕೊಡಿ, ನಿಜದ ಗಾಡಿಯನ್ನೂ ಕಲಿಸಿ. ನಾವು ಮಾಡುತ್ತಿರುವುದು ಸರಿಯಾಗಿ ಇದರ ಉಲ್ಟಾ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾವು ಹೆಂಗಸರು ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದೇವೆ. ನಾನೂ ಓಡಾಡಿದ್ದೇನೆ, ಸಂತೋಷಪಟ್ಟಿದ್ದೇನೆ. ತವರಿಗೆ ಹೋಗಲು ಯಾರ ಜೇಬನ್ನೂ ನೋಡಬೇಕಿಲ್ಲ ಎನ್ನುವುದು ಸಣ್ಣ ಮಾತಲ್ಲ. ಆದರೆ ಪುಕ್ಕಟೆಯಾದರೂ ಅದು ಕೂತು ಹೋಗುವ ಸೀಟು. ರಾತ್ರಿ ಹತ್ತಕ್ಕೆ, ಮಳೆಯಲ್ಲಿ, ಬಸ್ಸು ಇಲ್ಲದ ಹೊತ್ತಿನಲ್ಲಿ ಬೇಕಾಗುವುದು ಇನ್ನೊಂದು ಸೀಟು.

ಪ್ಲಾಸ್ಟಿಕ್ಕಿನ ಚಕ್ರ ಹಿಡಿದ ಮಾತ್ರಕ್ಕೆ ಯಾರೂ ಡ್ರೈವರಾಗುವುದಿಲ್ಲ, ಅಷ್ಟು ದಡ್ಡಿ ನಾನಲ್ಲ. ಆಟದಲ್ಲಿ ಇಂಡಿಕೇಟರು ಹಾಕುವುದನ್ನೇ ಕಲಿಸುವುದಿಲ್ಲ. ಹಿಂದಿನಿಂದ ಬಂದ ಲಾರಿಯ ಹಾರನ್ನಿಗೆ ಎದೆ ಹೊಡೆದುಕೊಳ್ಳುವುದನ್ನು ಯಾವ ಲ್ಯಾಪ್‌ಟಾಪೂ ಕಲಿಸದು. ಆದರೆ ಅದು ನನಗೆ ಒಂದನ್ನು ಕೊಟ್ಟಿತು. "ನನ್ನಿಂದ ಆಗೂದಿಲ್ಲ" ಎಂದು 2003ರಿಂದ ಕಟ್ಟಿಕೊಂಡಿದ್ದ ಗಂಟನ್ನು ಬಿಚ್ಚಿಕೊಟ್ಟಿತು. ದೀಪಾವಳಿ ಮುಗಿದ ಮೇಲೆ ನಾನೂ ಮಗಳೂ ಒಂದೇ ದಿನ ಕಲಿಕೆಯ ಲೈಸೆನ್ಸಿಗೆ ಅರ್ಜಿ ಹಾಕಿದೆವು. ಕಲಿಸಲು ಮನೆಯವರನ್ನು ಕೇಳಲಿಲ್ಲ, ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲಿಗೆ ಸೇರಿದೆವು. ಮೊದಲ ದಿನ ಕ್ಲಚ್ಚು ಬಿಟ್ಟೆ, ಗಾಡಿ ಜಗ್ಗಿ ನಿಂತಿತು. ನಾನು ಇಳಿಯಲಿಲ್ಲ. ನಾಲ್ಕನೆಯ ಸಲ ಹೊರಟಿತು.

ಬಾವುಟದ ಹುಡುಗಿಯನ್ನು ತೆಗೆದುಹಾಕಿದ್ದಾಗಿ ಅಕ್ಕನ ಮಗ ಮೊನ್ನೆ ಫೋನು ಮಾಡಿ ಹೇಳಿದ. ಓಟಗಾರರಲ್ಲಿ ಮೂವರು ಹೆಂಗಸರನ್ನು ಸೇರಿಸಿದ್ದಾರಂತೆ. ಚಿಂಚೋಳಿ ಗುಡ್ಡದ ರಸ್ತೆಯ ಫೋಟೋ ಕಳಿಸು ಎಂದಿದ್ದಾನೆ. ನಾಣ್ಯದ ವಿಷಯ ಮಾತ್ರ "ನೋಡೂಣು" ಎಂದ. ನೋಡುತ್ತಲೇ ಇರುತ್ತೇನೆ, ಬಿಡುವವಳಲ್ಲ.

ಮೊನ್ನೆ ಲೈಸೆನ್ಸು ಬಂದ ಮೇಲೆ ಮೊದಲ ಸಲ ಅತ್ತೆಯವರನ್ನು ಕಾರಿನಲ್ಲಿ ಕೂಡಿಸಿಕೊಂಡು ಮುಲ್ಲಾಮಾರಿಯ ಸೇತುವೆಯವರೆಗೆ ಹೋಗಿಬಂದೆ. ಎಡಗಡೆಯ ಸೀಟಿನಲ್ಲಿ ಅವರು, ಬಲಗಡೆ ನಾನು. ಮೂವತ್ತರ ಮೇಲೆ ಮುಳ್ಳು ಏರಿಸಲಿಲ್ಲ. ಅವರು ಏನೂ ಹೇಳಲಿಲ್ಲ. ಮನೆಗೆ ಬಂದು ನಾನು ಚಾವಿ ಮೊಳೆಗೆ ತೂಗುಹಾಕಲು ಹೋದಾಗ, ಎಡಗೈಯಿಂದ ನನ್ನ ಸೆರಗು ಜಗ್ಗಿ, ಚಾವಿಯನ್ನು ತೋರಿಸಿ, ತೊದಲುತ್ತ ಎರಡೇ ಮಾತು ಹೇಳಿದರು. "ಕೆಳಗ ಹಾಕು."

ನಮ್ಮ ಚಾವಿಯ ಮೊಳೆ ಗಂಡಸರ ಎತ್ತರಕ್ಕೆ ಹೊಡೆದದ್ದು. ಅತ್ತೆಯವರಿಗೂ ನನಗೂ ಕೈ ಚಾಚಬೇಕು. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅವತ್ತೇ ಇನ್ನೊಂದು ಮೊಳೆ ಹೊಡೆದೆ. ನಿಮ್ಮ ಮನೆಯ ಮೊಳೆ ಎಷ್ಟು ಎತ್ತರದಲ್ಲಿದೆ, ಈ ಪುಟ ಮುಗಿಸಿ ಎದ್ದು ಒಮ್ಮೆ ನೋಡಿ.